ಸೋದರಮಾವನ ಮನೆಗೆ ಬುತ್ತಿ

ಹುಲಿಹೈದರ
22 ಜುಲೈ 2024, ಸೋಮವಾರ

ಸುಮಾ,

ಮೊದಲು ಗಂಟು ಬಿಚ್ಚಿ ರೊಟ್ಟಿ ನೋಡಿಕೊ. ಎಂಟು ಖಡಕ್ ರೊಟ್ಟಿ, ಎರಡು ಸಜ್ಜೆ ರೊಟ್ಟಿ ಇಟ್ಟಿದ್ದೇನೆ. ಪುಂಡಿಪಲ್ಯ ಡಬ್ಬಿಯಲ್ಲಿದೆ, ಗುರೆಳ್ಳು ಚಟ್ನಿ ಪೊಟ್ಟಣದಲ್ಲಿದೆ. ಮುರಿದಿದ್ದರೆ ಬರೆ. ಬಸ್ಸಿನಲ್ಲಿ ಯಾರಾದರೂ ಗಂಟಿನ ಮೇಲೆ ಕೂತರೆ ಏನು ಗತಿ ಎಂದು ಬಸ್ ಹೋದ ಮೇಲೂ ಊರ ಅಗಸಿಯಲ್ಲಿ ನಿಂತೇ ಇರುತ್ತೇನೆ, ನೋಡು.

ಫೋನಿನ ಕಾಲದಲ್ಲಿ ಅವ್ವ ಕಾಗದ ಬರೆಯುತ್ತಾಳಲ್ಲ ಎನ್ನಬೇಡ. ನಾನು ಫೋನಿನಲ್ಲಿ ಮಾತಾಡಿದರೆ ಓಣಿಗೆಲ್ಲ ಕೇಳುತ್ತದೆ ಎಂದು ನಿಮ್ಮಪ್ಪ ನಗುತ್ತಾರೆ. ನಿನಗಂತೂ ಇನ್ನೂ ಫೋನ್ ಕೊಡಿಸಿಲ್ಲ. ನಿಮ್ಮತ್ತೆಯ ಫೋನಿನಲ್ಲಿ ಮಾತಾಡಿದರೆ ಅವಳು ಪಕ್ಕದಲ್ಲೇ ಕೂತಿರುತ್ತಾಳೆ. ರೊಟ್ಟಿ ಕಟ್ಟಿದ ಅರಿವೆಯ ಮಡಿಕೆಯಲ್ಲಿ ಕಾಗದ ಇದ್ದರೆ ಯಾರಿಗೂ ತಿಳಿಯುವುದಿಲ್ಲ. ನಾನು ಓದಿದ್ದು ಏಳನೆಯ ಇಯತ್ತೆ ಪೂರ್ತಿ, ಎಂಟನೆಯದು ಅರ್ಧಮರ್ಧ. ತಪ್ಪಿದ್ದರೆ ತಿದ್ದಿಕೊಂಡು ಓದು.

ಹದಿನೈದು ದಿನ ಇಲ್ಲಿಂದಲೇ ಕಾಲೇಜಿಗೆ ಹೋಗಿಬಂದು ಮಾಡಿದಿ. ಕನಕಗಿರಿ ದಾಟುವ ತನಕ ನಿಂತೇ ಹೋಗುವುದು, ಮೊದಲನೆಯ ಪಿರಿಯಡ್ ದಿನವೂ ತಪ್ಪುವುದು. ನೀನು ಹಾಸ್ಟೆಲ್ ಬೇಕು ಅಂದಿ, ಅರ್ಜಿ ಹಾಕಿದ್ದಾಯಿತು, ಹೆಸರು ಬರಲಿಲ್ಲ. “ಖಾಸ ಸ್ವಾದರಮಾವನ ಮನಿ ಗಂಗಾವತ್ಯಾಗ ಇರಾಗ ಹಾಸ್ಟೆಲ್ ಯಾಕ ಬೇಕು?” ಎಂದರು ನಿಮ್ಮಪ್ಪ. ನಾನು ಒಂದೇ ಮಾತಿಗೆ ಹೂಂ ಅಂದೆ. ಆಗ ನೀನು ನನ್ನ ಮುಖ ನೋಡಿದಿ. ಇಪ್ಪತ್ತೆಂಟು ವರ್ಷದಿಂದ ಅಣ್ಣನ ಹೊಸ್ತಿಲು ತುಳಿಯದವಳು ಮಗಳನ್ನು ಹೇಗೆ ಕಳಿಸುತ್ತಾಳೆ ಎಂದು ನೋಡಿದಿ. ನಿನಗೆ ಅನುಕೂಲ ಆಗಲಿ ಎಂದು ಕಳಿಸಿದೆ, ಅಷ್ಟೇ.

ಒಂದು ಮಾತು ಮಾತ್ರ ನಡೆಸಿಕೊಡು. ಆ ಮನೆಯಲ್ಲಿ ಉಣ್ಣಬೇಡ. ಜೋಳದ ರೊಟ್ಟಿ ತಿಂದು ಬೆಳೆದ ಹೊಟ್ಟೆ ನಿನ್ನದು, ಮೂರು ಹೊತ್ತು ಅನ್ನ ಒಗ್ಗುವುದಿಲ್ಲ. ದಿನಾ ಎಂಟರ ಬಸ್ಸಿಗೆ ಬುತ್ತಿ ಕಳಿಸುತ್ತೇನೆ, ಹತ್ತರ ಬಿಡುವಿನಲ್ಲಿ ಬಸ್ ಸ್ಟ್ಯಾಂಡಿಗೆ ನೀನೇ ಹೋಗಿ ಇಸಕೊ. ಕಂಡಕ್ಟರ್ ಬಡೇಸಾಬ ನಿಮ್ಮ ಮಾವನ ಹೆಸರು ಹಿಡಿದು “ಹಂಪಣ್ಣ ಸಾವಕಾರ್ರ ಮನ್ಯಾಗಿರೂ ಹುಡುಗಿ ಬುತ್ತಿ” ಎಂದು ಕೂಗುತ್ತಾನೆ. ಕೂಗಲಿ. ಹತ್ತಾರು ಊರಿನ ಹುಡುಗರ ಬುತ್ತಿ ಒಂದೇ ಕಟ್ಟೆಯ ಮೇಲೆ ಇಡುತ್ತಾರೆ, ಕೂಗದಿದ್ದರೆ ಅದಲುಬದಲಾದೀತು. ನಿಮ್ಮ ಮಾವನ ಅಕ್ಕಿ ಅಂಗಡಿ ಬಸ್ ಸ್ಟ್ಯಾಂಡಿನ ಎದುರಿಗೇ ಇದೆ. ರಸ್ತೆ ದಾಟುವಾಗ ಲಾರಿ ನೋಡಿಕೊಂಡು ದಾಟು.

ನಿನ್ನ ಅವ್ವ
ಕಳಕಮ್ಮ


ಗಂಗಾವತಿ
27 ಜುಲೈ 2024

ಅವ್ವಾ,

ಹತ್ತೂ ರೊಟ್ಟಿ ಮುಟ್ಟಿದವು. ಒಂದರ ಅಂಚು ಮುರಿದಿತ್ತು. ಅದನ್ನು ಬಸ್ ಸ್ಟ್ಯಾಂಡಿನಲ್ಲೇ ತಿಂದುಬಿಟ್ಟೆ, ಇನ್ನು ಅದರ ಚಿಂತೆ ಬಿಡು.

ಬಡೇಸಾಬ ಕಾಕಾ ಸಂತೆಯಲ್ಲಿ ಎತ್ತು ಮಾರುವವರಂತೆ ಕೂಗುತ್ತಾರೆ. “ಕಾಕಾ, ಸುಮಂಗಲಾ ಅಂದ್ರ ಸಾಕ್ರಿ” ಎಂದೆ. “ಏ, ನಿಮ್ಮವ್ವ ಹಿಂಗ ಕೂಗು ಅಂತ ಹೇಳ್ಯಾಳವಾ. ಸಾವಕಾರ್ರ ಹೆಸರು ಬಿಟ್ರ ನನ್ನ ಬಸ್ ಹತ್ತಂಗಿಲ್ಲಂತ!” ಎಂದರು. ನನಗೆ ನಗು ಬಂತು. ಎರಡು ರೊಟ್ಟಿ ಕಳೆದಾವು ಎಂದು ಕಂಡಕ್ಟರಿಗೂ ಪಾಠ ಹೇಳಿಕೊಟ್ಟವಳು ನೀನೊಬ್ಬಳೇ ಇರಬೇಕು.

ಅತ್ತೆ ನನಗೆ ಮಹಡಿಯ ಕೋಣೆ ಕೊಟ್ಟಿದ್ದಾರೆ. ಮೊದಲ ದಿನ ತಾಟು ಹಾಕಿ ಕರೆದರು. ನೀನು ಹೇಳಿದಂತೆ, ಹೊಟ್ಟೆಗೆ ಒಗ್ಗುವುದಿಲ್ಲ ಎಂದೆ. “ಒಗ್ಗಂಗಿಲ್ಲಂದ್ರ? ನಾವೇನು ಕಲ್ಲು ಹಳ್ಳು ಕುದಸ್ತೀವೇನವಾ?” ಎಂದು ನಕ್ಕರು. ನಕ್ಕರೂ ತಾಟನ್ನು ಒಳಗೆ ಒಯ್ಯಲು ಸ್ವಲ್ಪ ಹೊತ್ತು ಹಿಡಿಯಿತು. ನೀನು ಅವರಿಗೆ ಮೊದಲೇ ಹೇಳಿರಲಿಲ್ಲವೇ?

ನನ್ನ ಜೊತೆ ಓದುವ ಹೇಮಾವತಿಗೆ ಹಾಸ್ಟೆಲ್ ಸಿಕ್ಕಿತು. ಎರಡನೆಯ ಪಟ್ಟಿ ಆಗಸ್ಟ್ ಮೊದಲನೆಯ ವಾರದಲ್ಲಂತೆ. ಅರ್ಜಿಯಲ್ಲಿ ಅಪ್ಪನ ನಂಬರ್ ಇದೆ. ಫೋನ್ ಬಂದರೆ ಅದೇ ದಿನ ನನಗೆ ತಿಳಿಸು, ನಾಲ್ಕೇ ದಿನದ ಗಡುವು ಕೊಡುತ್ತಾರೆ. ಅತ್ತೆ, ಮಾವ ಒಳ್ಳೆಯವರೇ. ಆದರೆ ಇಲ್ಲಿ ನಾನು ನೆಂಟಳು. ಓದಲು ಕೂತರೆ ಯಾರೋ ಬರುತ್ತಾರೆ, “ಇಕಿ ಯಾರು?” ಎನ್ನುತ್ತಾರೆ, ಎದ್ದು ಕಾಲಿಗೆ ಬೀಳಬೇಕು, ಚಹಾ ಕೊಡಬೇಕು. ಹಾಸ್ಟೆಲಿನಲ್ಲಿ ಎಲ್ಲರೂ ಓದುವವರೇ. ನನಗೆ ಬೇಕಾದದ್ದು ಆ ಒಂದು ಮಂಚ, ಆ ಒಂದು ಟೇಬಲ್. ಮರೆಯಬೇಡ.

ಸುಮಾ


ಹುಲಿಹೈದರ
12 ಆಗಸ್ಟ್ 2024

ಸುಮಾ,

ಪಂಚಮಿಗೆ ಬಂದು ಎರಡು ದಿನ ಜೋಕಾಲಿ ಆಡಿ ಹೋದಿ. ನೀನು ಹೋದ ಮೇಲೆ ಜೋಕಾಲಿಯ ಹಗ್ಗ ನೋಡಿದರೆ ಒಂದು ಕಡೆ ಸವೆದಿದೆ. ಕಡಿದಿದ್ದರೆ ಏನಾಗುತ್ತಿತ್ತು ಎಂದು ಎರಡು ದಿನದಿಂದ ನಿದ್ದೆ ಇಲ್ಲ.

ಹಾಸ್ಟೆಲಿನವರ ಫೋನ್ ಬಂತೇ ಎಂದು ಮೂರು ಸಲ ಕೇಳಿದಿ. ಬಂದಿಲ್ಲ. ಬಂದಿದ್ದರೆ ಹೇಳುತ್ತಿರಲಿಲ್ಲವೇ? ನಿಮ್ಮಪ್ಪ ಒಂದೊಂದು ದಿನ ಫೋನ್ ಮನೆಯಲ್ಲೇ ಬಿಟ್ಟು ಹೋಗುತ್ತಾರೆ, ಒಂದೊಂದು ದಿನ ಚಾರ್ಜ್ ಇರುವುದಿಲ್ಲ, ಹೊಲದಲ್ಲಂತೂ ರೇಂಜೇ ಸಿಗುವುದಿಲ್ಲ. ಬರದೇ ಇದ್ದದ್ದೂ ಒಳ್ಳೆಯದೇ ಆಯಿತು ಅನ್ನು. ಹಾಸ್ಟೆಲಿನ ನೀರು ಹೇಗಿರುತ್ತದೋ, ಕಂಪೌಂಡ್ ಎತ್ತರ ಇದೆಯೋ ಇಲ್ಲವೋ, ಜ್ವರ ಬಂದರೆ ಹಣೆ ಮುಟ್ಟಿ ನೋಡುವವರು ಯಾರು? ಈ ವರ್ಷ ಮಾವನ ಮನೆಯಲ್ಲೇ ಇರು. ಮುಂದಿನ ವರ್ಷ ನೋಡೋಣ.

ನೀನು ಊರಿಗೆ ಬಂದಾಗ ನಿಮ್ಮಪ್ಪ ಇದ್ದರು, ಬಾಯಿಬಿಟ್ಟು ಕೇಳಲಾಗಲಿಲ್ಲ. ಬುತ್ತಿ ಬರುವುದಕ್ಕೆ ನಿಮ್ಮತ್ತೆ ಏನಂತಾಳೆ? ಅವಳಂದ ಮಾತನ್ನು ಅಂದಹಾಗೇ ಬರೆ. ತಾಟನ್ನು ತಿರುಗಿ ಒಳಗೆ ಒಯ್ಯುವಾಗ ಅವಳ ಮುಖ ಹೇಗಿತ್ತು? ನಿಮ್ಮ ಮಾವನ ಅಂಗಡಿಯಲ್ಲಿ ಬಡೇಸಾಬನ ಕೂಗು ಕೇಳುತ್ತದೆಯೇ? ಸುಮ್ಮನೆ ಕೇಳಿದೆ.

ನಾಳೆಯಿಂದ ಸಂಜೆ ನಾಲ್ಕರ ಬಸ್ಸಿಗೂ ಒಂದು ಗಂಟು ಕಳಿಸುತ್ತೇನೆ. ರಾತ್ರಿಯ ಊಟಕ್ಕೆ ಮೆತ್ತನ್ನ ರೊಟ್ಟಿ, ಹೆಸರುಕಾಳು ಪಲ್ಯ. ನಿನಗೆ ಓಡಾಟ ಹೆಚ್ಚಾಗುತ್ತದೆ, ಗೊತ್ತು. ಆದರೂ ಹೋಗಿ ಇಸಕೊ.

ಅವ್ವ


ಗಂಗಾವತಿ
24 ಆಗಸ್ಟ್ 2024

ಅವ್ವಾ,

ಬುತ್ತಿ ನಿಲ್ಲಿಸು. ಕೈ ಮುಗಿದು ಕೇಳುತ್ತೇನೆ.

ಗುರುವಾರ ಮಾವನ ಪಕ್ಕದ ಅಂಗಡಿಯ ಶಾಮೀದಸಾಬರು ಎಲ್ಲರೆದುರು ಚಾಷ್ಟಿ ಮಾಡಿದರಂತೆ. “ಏನ್ರಿ ಸಾವಕಾರ್ರ, ನಾಡಿಗೆಲ್ಲ ಅಕ್ಕಿ ತೂಗತೀರಿ, ತಂಗಿ ಮಗಳಿಗೆ ಎರಡೂ ಹೊತ್ತು ಊರಿಂದ ಬುತ್ತಿ ಬರತೈತಲ್ರಿ! ಮನ್ಯಾಗ ಒಲಿ ಹಚ್ಚೂದು ಬಿಟ್ಟೀರೇನು?” ಅಲ್ಲಿದ್ದ ಹಮಾಲರೂ ನಕ್ಕರಂತೆ. ಮಾವ ಅರ್ಧ ಶಟರ್ ಎಳೆದು ಮನೆಗೆ ಬಂದು, ಉಣ್ಣದೆ ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟರು.

ಸಂಜೆ ನನ್ನನ್ನು ಕರೆದು, “ಬಳಗದ ಮನ್ಯಾಗ ಇರೂ ಹುಡುಗಿಗೆ ಬುತ್ತಿ ಬರೂದಂದ್ರ ಆ ಮನಿ ಒಲಿಗೆ ಉಗುಳಿದಂಗ. ಹಾಸ್ಟೆಲ್ ಹುಡುಗ್ರಿಗೆ ಬರ್ಲಿ, ಖೋಲಿ ಹಿಡದಾರಿಗೆ ಬರ್ಲಿ. ನಿನಗ ಯಾಕ ಬರ್ಬೇಕವಾ? ನಾವೇನು ಉಪವಾಸ ಕೆಡವೀವೇನು?” ಎಂದರು. ಬೈಯಲಿಲ್ಲ, ಕೇಳಿದರು. ಅತ್ತೆ ಅಡುಗೆ ಮನೆಯಲ್ಲಿ ಸೆರಗು ಬಾಯಿಗೆ ಹಿಡಿದು ಅಳುವುದು ಕೇಳಿಸಿತು.

ನಾನೂ ಒಂದು ಮಾತು ಮುಚ್ಚಿಟ್ಟಿದ್ದೆ. ರಾತ್ರಿ ನಾನು ಅವರ ಮನೆಯಲ್ಲೇ ಉಣ್ಣುತ್ತೇನೆ. ಮೂರನೆಯ ದಿನದಿಂದಲೇ. ಅನ್ನ ಚೆನ್ನಾಗಿ ಒಗ್ಗಿದೆ. ನಿನ್ನ ರೊಟ್ಟಿಯನ್ನು ಕ್ಲಾಸಿನ ಹುಡುಗಿಯರೆಲ್ಲ ಹಂಚಿಕೊಂಡು ತಿನ್ನುತ್ತೇವೆ, ಹೇಮಾವತಿಯಂತೂ ಗುರೆಳ್ಳು ಚಟ್ನಿಗಾಗಿಯೇ ನನ್ನ ಗೆಳತಿಯಾಗಿದ್ದಾಳೆ. ನೀನು ನೊಂದುಕೊಳ್ಳುತ್ತೀ ಎಂದು ಹೇಳಿರಲಿಲ್ಲ. ನಿನ್ನ ಚಿಂತೆ ನನಗೆ ಗೊತ್ತು. ಆದರೆ ನಿನ್ನ ಚಿಂತೆಯಿಂದ ಅವರ ಮಾನ ಹೋಗುತ್ತಿದೆ, ಅದು ನಿನಗೆ ತಿಳಿದಿಲ್ಲ.

ಸುಮಾ


ಹುಲಿಹೈದರ
26 ಆಗಸ್ಟ್ 2024

ಸುಮಂಗಲಾ,

ಉಂಡಿಯಾ? ಅವಳ ಕೈಯಿಂದ ಉಂಡಿಯಾ?

ನನಗೆ ತಿಳಿದಿಲ್ಲ ಅಂದಿ. ತಿಳಿದೇ ಕಳಿಸಿದೆ. ನಾನು ಎಲ್ಲದಕ್ಕೂ ಚಿಂತೆ ಮಾಡುತ್ತೇನೆ, ಬಸ್ಸಿಗೆ, ನಾಯಿಗೆ, ಜೋಕಾಲಿಯ ಹಗ್ಗಕ್ಕೆ. ಈ ಬುತ್ತಿಯನ್ನು ಚಿಂತೆಯಿಂದ ಕಟ್ಟಲಿಲ್ಲ. ಬಡೇಸಾಬನಿಂದ ಆ ಕೂಗನ್ನು ನಾಲ್ಕು ಸಲ ಹೇಳಿಸಿ ಕಲಿಸಿದ್ದೇನೆ. ಅಂಗಡಿಯ ಕಡೆ ಮುಖ ಮಾಡಿ ಕೂಗು ಎಂದಿದ್ದೇನೆ.

ಈಗ ನೀನು ದೊಡ್ಡವಳು, ಕೇಳು. ನನ್ನ ತವರು ತಳಕಲ್ಲಿನಲ್ಲಿ ಏಳನೆಯ ಇಯತ್ತೆಯಲ್ಲಿ ನಾನು ಮೊದಲನೆಯವಳು. ಹಂಪಣ್ಣ ಅಣ್ಣ ಬಂದು, “ಕಳಕೀನ ಗಂಗಾವತ್ಯಾಗ ಹೈಸ್ಕೂಲಿಗೆ ಹಾಕ್ತೀನಿ, ನಮ್ಮ ಮನ್ಯಾಗ ಇರ್ಲಿ” ಎಂದ. ಹೊಸ ಪಾಟಿಚೀಲ ತಗೊಂಡು ಹೋದೆ. ಅಲ್ಲಿ ಹೋದ ಮೇಲೆ ನಿಮ್ಮತ್ತೆಗೆ ಪ್ರಭುರಾಜ ಹುಟ್ಟಿದ. ಕೂಸಿನ ಅರಿವೆ ಒಗೆದು, ಭಾಂಡೆ ತಿಕ್ಕಿ, ಉಳಿದ ಹೊತ್ತಿಗೆ ಸಾಲೆ. ಹೊತ್ತು ಉಳಿಯುತ್ತಿರಲಿಲ್ಲ. ಆದರೂ ಓದಿದೆ, ಒಲೆಯ ಮುಂದೆ ಕೂತು ಓದಿದೆ.

ಎಂಟನೆಯ ಇಯತ್ತೆಯ ಗಣಿತದ ಪೇಪರಿನ ದಿನ ಕುಷ್ಟಗಿಯಿಂದ ಅವಳ ತವರಿನವರು ಬಂದರು. “ಕೂಸನ್ನ ಹಿಡಿ, ಊಟ ಆಗ್ಲಿ, ಆಮ್ಯಾಲೆ ಹೋಗೀ ಅಂತ” ಎಂದಳು. ಪೇಪರ್ ಇದ್ದದ್ದು ಮುಂಜಾನೆ. ನಾನು ಕೂಸನ್ನು ಟೊಂಕದ ಮೇಲೆ ಇಟ್ಟುಕೊಂಡೇ ಸಾಲೆಗೆ ಓಡಿದೆ. ಕೂಸನ್ನು ಎತ್ತಿಕೊಂಡು ಪರೀಕ್ಷೆಗೆ ಕೂರುವುದು ಎಲ್ಲಾದರೂ ಉಂಟೇ? ತಿರುಗಿ ಬಂದೆ. ನಪಾಸಾದೆ.

ನಮ್ಮಪ್ಪ ನೋಡಲು ಬಂದ. “ಇಕಿಗೆ ವಿದ್ಯಾ ಹತ್ತಂಗಿಲ್ಲಪ್ಪ” ಎಂದ ಅಣ್ಣ. ಅವಳು ಅಡುಗೆ ಮನೆಯ ಬಾಗಿಲಲ್ಲಿ ನಿಂತು, “ಉಣ್ಣೂದೊಂದು ಛಲೋ ಹತ್ತತೈತಿ ನೋಡ್ರಿ” ಎಂದಳು. ನಮ್ಮಪ್ಪ ನಕ್ಕ. ಎಲ್ಲರೂ ನಕ್ಕರು. ಅವತ್ತೇ ನನ್ನನ್ನು ಬಸ್ ಹತ್ತಿಸಿದರು.

ಆಮೇಲೆ ಆ ಮನೆಯ ಒಂದು ಅಗುಳು ನನ್ನ ಗಂಟಲು ಇಳಿದಿಲ್ಲ. ಪ್ರಭುರಾಜನ ಮದುವೆಗೆ ಛತ್ರದಲ್ಲೇ ಅಕ್ಕಿಕಾಳು ಹಾಕಿ ಉಪವಾಸ ತಿರುಗಿ ಬಂದೆ. ನಿಮ್ಮಪ್ಪನಿಗೂ ಇದನ್ನು ಹೇಳಿಲ್ಲ. ಈಗ ಬಸ್ ಸ್ಟ್ಯಾಂಡೆಲ್ಲ ಅವರ ಒಲೆಯ ಬಗ್ಗೆ ನಗುತ್ತಿದೆಯಲ್ಲ, ನಗಲಿ. ಅವಳು ಸೆರಗು ಬಾಯಿಗೆ ಹಿಡಿದು ಅತ್ತಳು ಎಂದು ಓದಿದ ದಿನ ನಾನು ಒಂದು ರೊಟ್ಟಿ ಹೆಚ್ಚು ಉಂಡೆ.

ವರ್ಷ ಮುಗಿಯುವ ತನಕ ಅಲ್ಲೇ ಇರು, ಅವರ ತುತ್ತು ಮುಟ್ಟಬೇಡ. ಪರೀಕ್ಷೆ ಪಾಸಾಗಿ ಆ ಹೊಸ್ತಿಲಿನಿಂದಲೇ ಹೊರಗೆ ಬಾ. ನನಗೆ ಇನ್ನೇನೂ ಬೇಡ.

ಅವ್ವ


ಹುಲಿಹೈದರ
3 ಸೆಪ್ಟೆಂಬರ್ 2024

ಸುಮಾ,

ಎಂಟು ದಿನದಿಂದ ಡಬ್ಬಿ ಮಾತ್ರ ಬರುತ್ತದೆ, ಒಳಗೆ ಕಾಗದ ಇಲ್ಲ. ಡಬ್ಬಿಯನ್ನು ನೀನು ಎಂದೂ ಇಷ್ಟು ಬೆಳ್ಳಗೆ ತಿಕ್ಕಿದವಳಲ್ಲ. ಯಾರು ತಿಕ್ಕಿದರು?

ಅವ್ವ


ಹುಲಿಹೈದರ
9 ಸೆಪ್ಟೆಂಬರ್ 2024

ಸುಮಾ,

ಇವತ್ತು ಗಂಟು ಬಿಚ್ಚದೆಯೇ ತಿರುಗಿ ಬಂತು. “ಹುಡುಗಿ ಬರಲಿಲ್ಲಬೇ” ಎಂದ ಬಡೇಸಾಬ. ಜ್ವರವೇ? ನನ್ನ ಮೇಲೆ ಸಿಟ್ಟೇ? ಸಿಟ್ಟಾದರೆ ಬೈದು ಬರೆ. ಜ್ವರವಾದರೆ ನಾನೇ ಬರುತ್ತೇನೆ. ಆ ಮನೆಗೆ ಅಲ್ಲ, ಬಸ್ ಸ್ಟ್ಯಾಂಡಿನ ತನಕ.

ಅವ್ವ


ಗಂಗಾವತಿ
13 ಸೆಪ್ಟೆಂಬರ್ 2024

ಅವ್ವಾ,

ನನಗೆ ಜ್ವರ ಇಲ್ಲ.

ನಿನ್ನ ಕಾಗದ ಓದಿದ ದಿನ ನನಗೂ ಅವರ ಮನೆಯ ಅನ್ನ ಇಳಿಯಲಿಲ್ಲ. ಮರುದಿನ ಅತ್ತೆಯನ್ನು ನೇರ ಕೇಳಿದೆ, ನಮ್ಮವ್ವನ ಗಣಿತದ ಪೇಪರ್ ನೆನಪಿದೆಯೇ ಎಂದು. ಅವರು ಕೈಯಲ್ಲಿದ್ದ ಸೌಟು ಇಟ್ಟು ಯೋಚನೆ ಮಾಡಿದರು. “ಯಾವ ಪೇಪರ್ ಸುಮಾ? ನೆನಪಿಲ್ಲವಾ. ಪ್ರಭು ನಿಮ್ಮವ್ವನ ಟೊಂಕದ ಮ್ಯಾಲೆ ಬಿಟ್ರ ಯಾರ ಕಡಿನೂ ಮಲಗ್ತಿದ್ದಿಲ್ಲ, ಅದೊಂದು ನೆನಪೈತಿ” ಎಂದರು. ಸುಳ್ಳು ಹೇಳುತ್ತಿರಲಿಲ್ಲ. ನಿಜವಾಗಿಯೂ ನೆನಪಿಲ್ಲ. ಅದಕ್ಕೇ ನನಗೆ ಹೆಚ್ಚು ಸಿಟ್ಟು ಬಂತು. ನಿನ್ನ ಪರವಾಗಿ ಬಂದ ಸಿಟ್ಟು ಅದು.

ಆ ಸಿಟ್ಟಿನಲ್ಲೇ, ಈ ಮನೆ ಬೇಡ, ಇನ್ನೊಂದು ಸಲ ಹಾಸ್ಟೆಲ್ ಕೇಳೋಣ ಎಂದು ಹೋದೆ. ವಾರ್ಡನ್ ಮೇಡಂ ರಿಜಿಸ್ಟರ್ ತೆರೆದರು. ಎರಡನೆಯ ಪಟ್ಟಿಯಲ್ಲಿ ನನ್ನ ಹೆಸರು ನಾಲ್ಕನೆಯದು. ಅದರ ಮುಂದೆ ಕೆಂಪು ಶಾಯಿಯಲ್ಲಿ ಬರೆದಿತ್ತು: 6 ಆಗಸ್ಟ್, ಫೋನ್ ಮಾಡಲಾಗಿದೆ, ತಾಯಿ ಮಾತಾಡಿದರು, ಬರುವುದಿಲ್ಲ. “ನಿಮ್ಮವ್ವರಽ ಹೇಳಿದ್ರವಾ, ಸ್ವಾದರಮಾವನ ಮನ್ಯಾಗ ಅದಾಳ, ಹಾಸ್ಟೆಲ್ ಬ್ಯಾಡ ಅಂತ” ಎಂದರು. ಸೀಟು ಮುಂದಿನ ಹೆಸರಿಗೆ ಹೋಯಿತು.

ಪಂಚಮಿಯಲ್ಲಿ ಮೂರು ಸಲ ಕೇಳಿದೆ. ನೀನು ನನ್ನ ಕೈಗೆ ಉಂಡೆ ಕೊಟ್ಟು, ಬಂದಿಲ್ಲ ಅಂದಿ.

ಅವ್ವಾ, ಸುರೇಖಾ ಅತ್ತೆ ನಿನ್ನ ಒಂದು ಪೇಪರ್ ತಪ್ಪಿಸಿದರು, ಈಗ ನೆನಪಿಲ್ಲ ಅಂತಾರೆ. ನೀನೂ ನಾಳೆ ಹಾಗೆ ಅನ್ನಬಾರದು ಎಂದು ಬರೆದು ಕಳಿಸುತ್ತಿದ್ದೇನೆ. 6 ಆಗಸ್ಟ್, ಮಂಗಳವಾರ.

ಎಲ್ಲಿ ಇರಬೇಕು ಎಂಬುದನ್ನು ಈ ಸಲ ನಾನೇ ನಿರ್ಧಾರ ಮಾಡಿದ್ದೇನೆ. ಅತ್ತೆ ಇರು ಎನ್ನುತ್ತಾರೆ. ಕ್ಲಾಸಿನ ಹುಡುಗಿಯರು ಹಸೀನಾಬೇಗಂ ಅವರ ಮಾಳಿಗೆಯಲ್ಲಿ ಖೋಲಿ ಹಿಡಿಯೋಣ ಎನ್ನುತ್ತಾರೆ. ಎರಡೂ ಬೇಡ. ನಾನು ಮನೆಗೆ ಬರುತ್ತೇನೆ. ಖುಷಿಪಡಬೇಡ. ಮುಂಜಾನೆ ಆರೂವರೆಯ ಬಸ್ಸಿಗೆ ನಿಂತು ಹೋಗಿ, ಸಂಜೆ ಏಳಕ್ಕೆ ನಿಂತು ಬರುತ್ತೇನೆ. ಮೊದಲನೆಯ ಪಿರಿಯಡ್ ದಿನವೂ ತಪ್ಪುತ್ತದೆ. ಅದು ಗಣಿತದ್ದು. ದಿನವೂ ನೀನೇ ನನ್ನನ್ನು ಎಬ್ಬಿಸಬೇಕು, ನೀನೇ ಬಡಿಸಬೇಕು, ನನ್ನ ಮುಖ ನೋಡಬೇಕು. ನಾನು ಮಾತಾಡುವುದಿಲ್ಲ.

ಸುಮಂಗಲಾ


ಹುಲಿಹೈದರ
30 ಸೆಪ್ಟೆಂಬರ್ 2024

ಸುಮಾ,

ಒಂದೇ ಸೂರಿನ ಕೆಳಗೆ ಇದ್ದುಕೊಂಡು ಕಾಗದ ಬರೆಯುತ್ತಿದ್ದೇನೆ. ನನ್ನ ಕಡೆ ನೋಡದಿದ್ದರೂ ಡಬ್ಬಿಯನ್ನಾದರೂ ತೆರೆಯುತ್ತೀ ಎಂದು ಇದರಲ್ಲಿ ಇಡುತ್ತೇನೆ.

ಹದಿನೈದು ದಿನವಾಯಿತು. ತಾಟಿನ ಮುಂದೆ ಕೂತಲ್ಲೇ ನಿನ್ನ ಕಣ್ಣು ಮುಚ್ಚುತ್ತವೆ. ಕಾಲು ಬಾತಿವೆ. “ಹುಡುಗಿಗೆ ಏನಾಗೇತಿ? ಬಾಯಾಗ ಮಾತಿಲ್ಲ” ಎಂದು ನಿಮ್ಮಪ್ಪ ನನ್ನನ್ನೇ ಕೇಳುತ್ತಾರೆ. ನಾನು ಹಂಚಿನ ಮೇಲಿನ ರೊಟ್ಟಿ ನೋಡುತ್ತೇನೆ. ನೀನು ಶಿಕ್ಷೆ ಕೊಡುವುದನ್ನು ನನ್ನಿಂದಲೇ ಕಲಿತಿದ್ದೀ, ಚೆನ್ನಾಗಿ ಕಲಿತಿದ್ದೀ.

ನೆನಪಿಲ್ಲವಂತೆ ಅವಳಿಗೆ! ಅವಳು ನೆನಪಿದೆ ಅಂದಿದ್ದರೆ ನನಗೆ ಒಂದು ಸಮಾಧಾನ. ತಪ್ಪಾಯಿತು ಅಂದಿದ್ದರೂ ಮುಖಕ್ಕೆ ಹೊಡೆದಂತೆ ಎರಡು ಮಾತು ಆಡಿ ಮುಗಿಸುತ್ತಿದ್ದೆ. ಇಷ್ಟು ವರ್ಷ ನಾನು ಒಬ್ಬಳೇ ಉರಿದೆ, ಅವಳು ಸುಖವಾಗಿ ಉಂಡು ಮಲಗಿದಳು. ಅವಳನ್ನು ಕ್ಷಮಿಸು ಎಂದು ನನಗೆ ಹೇಳಬೇಡ. ಆಗುವುದಿಲ್ಲ.

ಆ ಮಂಗಳವಾರ ಫೋನ್ ಬಂದಾಗ ನನ್ನ ಕೈ ಹಿಟ್ಟಿನಲ್ಲಿತ್ತು. ಮೇಡಂ ಸೀಟು ಅಂದ ಕೂಡಲೇ ನನಗೆ ನಿನ್ನ ಮುಖ ಕಾಣಲಿಲ್ಲ, ಅವಳ ಮುಖ ಕಂಡಿತು. ನೀನು ಹಾಸ್ಟೆಲಿಗೆ ಹೋದರೆ ಬುತ್ತಿಗೆ ಅರ್ಥವೇ ಇಲ್ಲ. ಹಾಸ್ಟೆಲ್ ಹುಡುಗಿಗೆ ಬುತ್ತಿ ಬಂದರೆ ಯಾರು ನಗುತ್ತಾರೆ? ಬೇಡ ಅಂದುಬಿಟ್ಟೆ. ಅಷ್ಟೇ ಆದದ್ದು. ಮರೆಯುವುದಿಲ್ಲ.

ಗುರುವಾರ ನೀನು ಹೋದ ಮೇಲಿನ ಬಸ್ಸಿಗೆ ನಾನೂ ಗಂಗಾವತಿಗೆ ಹೋಗಿದ್ದೆ. ನಿಮ್ಮಪ್ಪನಿಗೆ ಕನಕಗಿರಿಗೆ ಬಳೆ ಇಡಿಸಿಕೊಳ್ಳಲು ಎಂದು ಹೇಳಿದೆ. ಕೇಳಿಕೊಂಡು ಕೇಳಿಕೊಂಡು ಹಾಸ್ಟೆಲ್ ಹುಡುಕಿದೆ. “ಈಗ ಬಂದೀರೇನ್ರಿ? ಸೀಟೆಲ್ಲ ತುಂಬ್ಯಾವ” ಎಂದರು ಮೇಡಂ. ನಾನು ಮೆಟ್ಟಿಲ ಮೇಲೆ ಕೂತೆ. ಮಧ್ಯಾಹ್ನ ಊಟಕ್ಕೆ ಹೋಗುವಾಗ ನೋಡಿದರು, ಬರುವಾಗ ನೋಡಿದರು. ಮೂರು ಗಂಟೆಗೆ ಒಳಗೆ ಕರೆದರು. ದಸರಾ ಹೊತ್ತಿಗೆ ಒಬ್ಬ ಹುಡುಗಿ ಬಿಟ್ಟು ಹೋಗಬಹುದು, ಮೊದಲು ಯಾಕೆ ಬೇಡ ಅಂದಿರಿ ಎಂದು ಬರೆದುಕೊಟ್ಟರೆ ಹೆಸರು ಮೇಲಕ್ಕೆ ಹಾಕಲು ಕೇಳುತ್ತೇನೆ, “ಯಾರ ಕಡಿಂದರ ಬರಸ್ಕೊಂಡು ಬರ್ರಿ” ಎಂದರು. “ನಾನ ಬರಿತೀನ್ರಿ” ಎಂದೆ.

ಅಲ್ಲೇ ಬೆಂಚಿನ ಮೇಲೆ ಕೂತು ಬರೆದೆ. ‘ನನ್ನ ಮಗಳು ಸೀಟು ಬೇಡ ಎಂದಿಲ್ಲ. ಅವಳಿಗೆ ತಿಳಿಸದೆ ನಾನು ಬೇಡ ಎಂದೆ. ಕಾರಣ, ನನ್ನ ಅಣ್ಣನ ಮನೆಯವರ ಮೇಲಿನ ಸೇಡು.’ ಮೇಡಂ ಓದಿ ಕನ್ನಡಕ ತೆಗೆದರು. “ಸೇಡು ಅಂತೆಲ್ಲ ಆಫೀಸ್ ಕಾಗದದಾಗ ಬರ್ಯಂಗಿಲ್ಲಬೇ. ಕೌಟುಂಬಿಕ ಕಾರಣ ಅಂತ ಹಾಕ್ರಿ.” “ಇದ್ದದ್ದು ಬರದೀನ್ರಿ. ಹಂಗ ಇರ್ಲಿ” ಎಂದೆ.

ಬಸ್ಸಿಗೆ ಬರುವಾಗ ಅಣ್ಣ ಅಂಗಡಿಯಿಂದ ನೋಡಿದ. “ಕಳಕೀ, ಏ ಕಳಕೀ” ಎಂದು ರಸ್ತೆಗೆ ಇಳಿದು ಬಂದ. ಕೂದಲು ಪೂರ್ತಿ ಹಣ್ಣಾಗಿದೆ. ನಾನು ತಿರುಗಲಿಲ್ಲ. ಬಸ್ ಹತ್ತಿ ಅಂಗಡಿ ಕಾಣದ ಕಡೆಯ ಕಿಟಕಿಗೆ ಕೂತೆ.

ಈಗ ಒಂದೇ ಚಿಂತೆ. ಆ ಕಾಗದದ ಮೇಲೆ ತಾರೀಖು ಹಾಕಿದೆನೋ ಇಲ್ಲವೋ ನೆನಪಾಗುತ್ತಿಲ್ಲ. ತಾರೀಖು ಇಲ್ಲದ ಕಾಗದ ನಡೆಯುತ್ತದೆಯೇ?

ಅವ್ವ


ಹುಲಿಹೈದರ
16 ಅಕ್ಟೋಬರ್ 2024, ಬುಧವಾರ

ಅವ್ವಾ,

ತಾರೀಖು ಹಾಕಿದ್ದೀ. ನಾನು ನೋಡಿದೆ, ಪೂರ್ತಿ ಓದಿದೆ.

ಮೇಡಂ ಇವತ್ತು ಕಾಲೇಜಿಗೆ ಹೇಳಿಕಳಿಸಿದ್ದರು. ಒಂದು ಸೀಟು ಖಾಲಿಯಾಗಿದೆ. ನಾಳೆಯೇ ಸಾಮಾನು ತಗೊಂಡು ಬಾ ಎಂದರು. ಸೋಮವಾರ ಬರುತ್ತೇನೆ ಎಂದೆ. “ಯಾಕವಾ? ಅಷ್ಟು ಬೆನ್ನು ಹತ್ತಿದ್ದಿ, ಈಗ ಗಡಿಬಿಡಿ ಇಲ್ಲೇನು?” ಎಂದರು. ಮನೆಯಲ್ಲಿ ಇನ್ನೂ ನಾಲ್ಕು ದಿನದ ಕೆಲಸ ಇದೆ ಎಂದೆ.

ಆ ನಾಲ್ಕು ದಿನವೂ ನಾನು ಮಾತಾಡುವುದಿಲ್ಲ. ನೀನು ಎಬ್ಬಿಸು, ನೀನು ಬಡಿಸು. ನಾನು ಉಣ್ಣುತ್ತೇನೆ.

ಸೋಮವಾರ ಪಾಲಕರ ಸಹಿ ಬೇಕಂತೆ. “ನಿಮ್ಮಪ್ಪಾರನ್ನ ಕರ್ಕೊಂಡು ಬಾ” ಎಂದರು. ಬೇಡ, ಅವ್ವನೇ ಬರುತ್ತಾಳೆ ಎಂದೆ.

ಸುಮಾ